ಪಿಕಪ್ಪಿಗೆ ಹಿಡಿದ ರಬ್ಬರ್ ವಾಸನೆ

ನನ್ನ ಹೆಂಡತಿ ಪೂನಮಳ ಮೂಗು ಪೊಲೀಸ್ ಖಾತೆಯಲ್ಲಿ ಇರಬೇಕಾಗಿದ್ದದ್ದು, ತಪ್ಪಿ ನಮ್ಮ ಮನೆಗೆ ಬಂದಿದೆ ಎಂದು ನನ್ನ ಗುಮಾನಿ. ನಾನು ಸೊಲ್ಲಾಪುರದ ಚಾದರ ವ್ಯಾಪಾರಿ. ಊರೂರಿಗೆ ಮಾಲು ಮುಟ್ಟಿಸಲು ಒಂದು ಹಳೆಯ ಪಿಕಪ್ ಕೊಂಡು, ನಾನೇ ಓಡಿಸಿಕೊಂಡು ಬಂದು, ಬಾಗಿಲಲ್ಲಿ ನಿಲ್ಲಿಸಿ, ‘ಆರತಿ ಎತ್ತು’ ಎಂದರೆ ಆಕೆ ತಟ್ಟೆ ಹಿಡಿದುಕೊಂಡೇ ಮೂಗು ಮುರಿದಳು.

“ರಬ್ಬರ ಸುಟ್ಟ ವಾಸನಿ ಬರಾಕತ್ತದ್ರಿ.”

“ಕರ್ಪೂರದ್ದು ಇರಬೇಕು.”

“ಕರ್ಪೂರ ಇನ್ನಾ ಹಚ್ಚೇ ಇಲ್ಲ!”

ಅಂದಿನಿಂದ ನನ್ನ ಗ್ರಹಚಾರ ಶುರುವಾಯಿತು. ಪೂನಮಳಿಗೆ ಅಕ್ಕಲಕೋಟದಲ್ಲಿ ಅಮೋಲ ಎಂಬ ತಮ್ಮನಿದ್ದಾನೆ. ಗಾಡಿ ನೋಡಲು ಬಂದವನು ಅದರ ಸುತ್ತ ಪ್ರದಕ್ಷಿಣೆ ಹಾಕಿ, ಬಾನೆಟ್ಟಿನ ಮೇಲೆ ಕೈಯಾಡಿಸಿ, ದೀರ್ಘವಾಗಿ ನಿಟ್ಟುಸಿರು ಬಿಟ್ಟು ಹೋಗಿದ್ದ. ಪೂನಮ ಫರ್ಮಾನು ಹೊರಡಿಸಿದಳು:

“ಸೋಮವಾರ ಅಕ್ಕಲಕೋಟದ ಲಾಡ್ಜಿಗೆ ಚಾದರ ಒಯ್ಯೂದದ. ಅಲ್ಲೀತನಾ ವಾಸನಿ ಬಂತಂದ್ರ ಗಾಡಿ ಅಮೋಲನ ಅಂಗಳದಾಗ ಬಿಟ್ಟು, ನಾವು ಎಸ್ಟಿ ಬಸ್ಸ ಹಿಡದ ಬರೂಣು.”

ಪಿಕಪ್ ಹೋದರೆ ನನ್ನ ಮಾನವೂ ಹೋದಂತೆ. ಕೂಡಲೇ ಮಹಾ ಸಂಶೋಧನೆಗೆ ಇಳಿದೆ. ಒಂದು ಗ್ಯಾರೇಜಿನಲ್ಲಿ ಬೆಲ್ಟ್ ಎಂದರು, ಬದಲಾಯಿಸಿದೆ. ಇನ್ನೊಂದರಲ್ಲಿ ವೈರ್ ಎಂದರು, ಸುತ್ತಿಸಿದೆ. ಪಕ್ಕದ ಮನೆಯ ನಾಗಪ್ಪ ಮೂಸಿ ನೋಡಿ, “ಶೇಂಗಾ ಹೊತ್ತಿದ ವಾಸನಿ ಇದು” ಎಂದ. (ಅವನದು ಶೇಂಗಾ ಚಟ್ನಿ ವ್ಯಾಪಾರ. ಅವನಿಗೆ ಲೋಕವೆಲ್ಲ ಶೇಂಗಾ.) ಟೈರ್ ಇರಬಹುದೆಂದು ಮೊಳಕಾಲೂರಿ ಒಂದೊಂದೇ ಗಾಲಿಗೆ ಮೂಗು ಹಚ್ಚಿದೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾಕೆ ಚಪ್ಪಲಿ ಕಳಚಿ ಗಾಲಿಗೆ ಕೈಮುಗಿದು ಹೋದಳು. ಕೊನೆಗೆ ನನ್ನ ಘ್ರಾಣೇಂದ್ರಿಯವೇ ದಿಕ್ಕು ತಪ್ಪಿತು. ಚಹಾಕ್ಕೂ ರಬ್ಬರಿನ ವಾಸನೆ, ಬದನೆಕಾಯಿ ಪಲ್ಯಕ್ಕೂ ರಬ್ಬರಿನ ವಾಸನೆ. ಪಲ್ಯದ ವಿಷಯ ಬಾಯಿಬಿಟ್ಟು ಹೇಳಿದ್ದು ನನ್ನ ತಪ್ಪು.

ನಮ್ಮವ್ವ ಕಸ್ತೂರಬಾಯಿ ಮಾತ್ರ ನಿಶ್ಚಿಂತೆಯಿಂದ ಇದ್ದಳು. “ಸೋಮ್ಯಾ, ಗಾಡಿಗಿ ನೆದರ ಆಗ್ಯಾದ. ಅಮಾಸಿ ದಿನಾ ನಾ ಬಂದೋಬಸ್ತ ಮಾಡೀನಿ, ಕಾಳಜಿ ಬಿಡು,” ಎಂದಳು. ಏನು ಬಂದೋಬಸ್ತು ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ಸೋಮವಾರ ಹೊರಟೆವು. ನಾನು ಸ್ಟೇರಿಂಗಿನಲ್ಲಿ, ಪೂನಮ ನಡುವೆ, ಅವ್ವ ಕಿಟಕಿಗೆ. ದಾರಿಯಲ್ಲಿನ ವಳಸಂಗ ಮುಟ್ಟುವಷ್ಟರಲ್ಲಿ ಬರಿ ವಾಸನೆಯಲ್ಲ, ಹಿಂದಿನಿಂದ ಹೊಗೆಯೂ ಬರತೊಡಗಿತು. ಗಾಬರಿಯಿಂದ ನಿಲ್ಲಿಸಿದೆ. ಪೂನಮ ಸೆರಗು ಸಿಗಿಸಿಕೊಂಡು ಬಗ್ಗಿ ನೋಡಿ, ಅಲ್ಲಿಂದಲೇ ಕೂಗಿದಳು.

“ಏನ್ರಿ, ನಿಮ್ಮ ಬಚ್ಚಲದ ಚಪ್ಪಲಿ ಇಲ್ಲಿ ಅದ ನೋಡ್ರಿ!”

ಗಾಡಿಗೆ ಕೆಟ್ಟ ಕಣ್ಣು ಬೀಳದಿರಲೆಂದು ಹಳೆಯ ಚಪ್ಪಲಿ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಮಂದಿ ಬಂಪರಿಗೆ ಕಟ್ಟುತ್ತಾರೆ. ಅವ್ವ ಮಾತ್ರ ಕೆಳಗೆ ಕೈಹಾಕಿ, ಸಿಕ್ಕ ಕೊಳವೆಗೆ ತಂತಿಯಿಂದ ಬಿಗಿದಿದ್ದಳು. ಆ ಕೊಳವೆಗೆ ಲೋಕದಲ್ಲಿ ಸೈಲೆನ್ಸರ್ ಎನ್ನುತ್ತಾರೆ. ಚಪ್ಪಲಿ ಕರಗಿ ಅದಕ್ಕೆ ಮೆತ್ತಿಕೊಂಡಿತ್ತು.

“ಬಂಪರಿಗಿ ಕಟ್ಟಬಾರದೇನ ಅವ್ವಾ?”

“ಎದ್ದು ಕಂಡ್ರ ಯಾರರೆ ಬಿಚಗೊಂಡ ಹೋಗತಾರ,” ಎಂದಳು ಅವ್ವ.

ನನಗಾದ ಆನಂದ ಹೇಳತೀರದು. ಕೋಲಿನಿಂದ ಕೆರೆದು ತೆಗೆದು, “ನೋಡಿದಿ? ಗಾಡಿದ ಏನೂ ತಪ್ಪಿಲ್ಲ!” ಎಂದು ಎದೆ ಸೆಟೆಸಿ ಹೊರಟೆ. (ಅಮಾವಾಸ್ಯೆಗೆ ಮೊದಲು ಬರುತ್ತಿದ್ದ ವಾಸನೆಯ ಮಾತನ್ನು ನಾನಾಗಿ ಎತ್ತಲಿಲ್ಲ. ಗೆದ್ದ ಕೇಸನ್ನು ಯಾರು ಮತ್ತೆ ತೆರೆಯುತ್ತಾರೆ?)

ಸ್ವಲ್ಪ ದೂರ ಹೋಗಿರಬೇಕು. ಮತ್ತದೇ ವಾಸನೆ! ಈ ಸಲ ಪೂನಮ ಹೊರಗೆ ನೋಡಲಿಲ್ಲ, ನನ್ನ ಕಾಲಿನ ಕಡೆ ನೋಡಿದಳು.

“ನಿಮ್ಮ ಎಡಗಾಲ ಎಲ್ಲಿ ಅದರಿ?”

“ಕಾಲಿರೂ ಜಾಗಾದಾಗ.”

“ಅದರ ಕೆಳಗೇನದ?”

“ಕ್ಲಚ್.”

“ಗೇರ್ ಹಾಕೂಮುಂದ ಅಷ್ಟ ತುಳಿಯೂದದು! ಸೊಲ್ಲಾಪುರದಿಂದ ತುಳಕೋತ ಬಂದೀರಲ್ಲ, ಸುಡದ ಏನ ಮಾಡೀತು?”

ನಾನು ಗಾಡಿ ಕಲಿತದ್ದು ನಮ್ಮ ಚಾಟಿ ಗಲ್ಲಿಯಲ್ಲಿ. ಅಲ್ಲಿ ಕೈಗಾಡಿ ತಪ್ಪಿದರೆ ಎಮ್ಮೆ, ಎಮ್ಮೆ ತಪ್ಪಿದರೆ ಗಿರಾಕಿ. ಕ್ಲಚ್ಚಿನಿಂದ ಕಾಲೆತ್ತುವ ಪ್ರಸಂಗವೇ ಬರುವುದಿಲ್ಲ. ಇದನ್ನು ವಿವರಿಸಹೋದರೆ ಆಕೆ “ಮೊದಲ ಕಾಲ ತಗೀರಿ” ಎಂದಳು. ತೆಗೆದೆ. ವಾಸನೆ ಇಳಿಯಿತು. ಗಾಡಿ ಉಳಿಯಿತೆಂದು ಸಂತೋಷ, ವಾಸನೆ ನನ್ನದೇ ಎಂದು ನಾಚಿಕೆ. ಯಾವುದನ್ನು ಮೊದಲು ಪಡಬೇಕೋ ತಿಳಿಯದೆ ತಬ್ಬಿಬ್ಬಾಗಿ ಮತ್ತೆ ಕ್ಲಚ್ಚಿನ ಮೇಲೆ ಕಾಲಿಟ್ಟೆ.

“ಇಳೀರಿ,” ಎಂದಳು ಪೂನಮ.

ಆಕೆ ತವರಿನಲ್ಲಿ ಗಾಡಿ ಕಲಿತು ಲೈಸೆನ್ಸ್ ಪಡೆದವಳು. ಅದನ್ನು ನಾನು ಈವರೆಗೆ ಫೋಟೋ ಇರುವ ಒಂದು ಕಾರ್ಡು ಎಂದಷ್ಟೇ ಗೌರವಿಸಿದ್ದೆ. ಸ್ಟೇರಿಂಗು ಆಕೆಯ ಕೈಗೆ ಹೋಯಿತು, ನಾನು ನಡುವೆ ಕುಳಿತೆ. ಆದರೆ ನನ್ನ ಎಡಗಾಲಿಗೆ ಅಧಿಕಾರ ಹೋದದ್ದು ಗೊತ್ತಾಗಲಿಲ್ಲ. ಎಮ್ಮೆ ಕಂಡಲ್ಲೆಲ್ಲ ಒತ್ತಿತು, ಅವ್ವನ ಪಾದವನ್ನು.

“ಅಯ್ಯಯ್ಯs! ಇವನ್ನ ಹಿಂದ ಹಾಕs ಪೂನಮಾ!” ಎಂದು ಅವ್ವ ಚೀರಿದಳು.

ಹೀಗೆ ನಾನು ಚಾದರದ ಗಂಟುಗಳ ಮೇಲೆ ಕುಳಿತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಕ್ಕಲಕೋಟ ಪ್ರವೇಶಿಸಿದೆ. ಅಮೋಲ ಅಂಗಳ ಗುಡಿಸಿ, ಗಾಡಿಗೆ ಜಾಗ ಮಾಡಿ ಕಾದಿದ್ದ. ಓಡಿಬಂದು, ಆಸೆ ತುಂಬಿದ ದನಿಯಲ್ಲಿ ಕೇಳಿದ:

“ಅಕ್ಕಾ, ವಾಸನಿ ಇನ್ನಾ ಬರಾಕತ್ತದೇನs?”

ಪೂನಮ ಕೀಲಿಕೈ ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು.

“ಗಾಡಿ ಚಲೋ ಅದಪಾ, ಅದನ್ನ ನಾ ಕೊಡೂದಿಲ್ಲ. ವಾಸನಿ ಹಿಂದ ಕುಂತದ. ಬೇಕಾರ ಇಳಿಸ್ಕೋ.”