ಗೌಡರನ್ನೂ ನನ್ನನ್ನೂ ಕೈಬಿಟ್ಟ ಚಳಿಗಾಲ

ಆಟ ನಿಂತ ಮೇಲೆಯೇ ಅಭಿಮಾನಿಯ ಕೆಲಸ ಶುರುವಾಗುವುದು. ಬೇಸಿಗೆಯಿಡೀ ಡೆಟ್ರಾಯ್ಟಿನ ಮೈದಾನದಲ್ಲಿ ಬೇಸ್‌ಬಾಲ್ ಆಟಗಾರರು ಬೆವರು ಸುರಿಸುತ್ತಾರೆ, ನಾವು ಹೊರವಲಯದ ನೋವೈ ಊರಿನಲ್ಲಿ ಕೂತು ಖಾರದ ಮಂಡಕ್ಕಿ ತಿನ್ನುತ್ತ ಟಿವಿ ನೋಡುತ್ತೇವೆ. ನವೆಂಬರ್ ಬಂದು, ಡ್ರೈವ್‌ವೇ ಮೇಲೆ ಹಿಮ ಬಿದ್ದು, ತಂಡದ ಯಜಮಾನರು ಯಾರನ್ನು ಇಟ್ಟುಕೊಳ್ಳುವುದು ಯಾರನ್ನು ಬಿಡುವುದು ಎಂದು ಬಾಗಿಲು ಮುಚ್ಚಿಕೊಂಡು ಕೂತರೆಂದರೆ ಬೆವರುವ ಸರದಿ ನಮ್ಮದು. ಗಂಡು ನೋಡುವುದರಲ್ಲಿ ನಮ್ಮ ಜನಕ್ಕಿರುವ ಶ್ರದ್ಧೆಯೆಲ್ಲ ಆಗ ಹೊರಬರುತ್ತದೆ. ಹುಡುಗನ ಎತ್ತರವೆಷ್ಟು, ಹಿಂದಿನ ಊರಿನಲ್ಲಿ ಯಾಕೆ ಬಿಟ್ಟರು, ಮೊಣಕೈಗೆ ಆಪರೇಷನ್ ಆಗಿದ್ದನ್ನು ಅವರ ಕಡೆಯವರು ಯಾಕೆ ಹೇಳಲಿಲ್ಲ, ಇಷ್ಟು ಕೊಟ್ಟು ತರುವ ಬದಲು ಮನೆಯಲ್ಲೇ ಬೆಳೆದ ಹುಡುಗ ಆಗುತ್ತಿರಲಿಲ್ಲವೇ. ನಮ್ಮ ಮಾತನ್ನು ಅಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನಮಗೆ ತಿಳಿದಿದೆ. ನಮ್ಮ ಮನೆಗಳಲ್ಲಿ ಕೂಡ ಕೇಳುವುದಿಲ್ಲವಾದ್ದರಿಂದ ಅದೇನೂ ಹೊಸ ಅವಮಾನವಲ್ಲ.

ನಾನು ಸ್ವಭಾವತಃ ಯಾವುದನ್ನೂ ನಂಬದವನು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಕೊನೆಗೆ ಇಲ್ಲಿಗೆ ಬಂದು ಕಾರಿನ ಬ್ರೇಕು ಯಾಕೆ ಕಿರುಗುಟ್ಟುತ್ತದೆ ಎಂದು ಅಳೆಯುವ ಕೆಲಸಕ್ಕೆ ಸೇರಿದೆ. ಅಳತೆಗೆ ಸಿಗದ ಯಾವುದರ ಮೇಲೂ ನನಗೆ ಗೌರವವಿಲ್ಲ. ರಾಹುಕಾಲ, ಹಸ್ತರೇಖೆ, ನಾಳೆ ಹಿಮ ಬೀಳುವುದಿಲ್ಲ ಎನ್ನುವ ಟಿವಿಯ ಹವಾಮಾನದ ಹೆಂಗಸು, ಎಲ್ಲ ಒಂದೇ. ಈಚೆಗೆ ಈ ಪಟ್ಟಿಗೆ ನನ್ನ ನೆನಪೂ ಸೇರಿದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಹವಾಯಿ ಚಪ್ಪಲಿಯಲ್ಲಿ ಕಸ ಹಾಕಲು ಹೊರಗೆ ಹೋಗಿ, ಹಿಂದೆ ಬಾಗಿಲು ಲಾಕ್ ಆಗಿ, ಲುಂಗಿಯಲ್ಲಿ ಹಿಮದ ನಡುವೆ ನಿಂತ ಕಥೆಯನ್ನು ಎಲ್ಲ ಪಾರ್ಟಿಗಳಲ್ಲೂ ಹೇಳಿ ನಗಿಸುತ್ತಿದ್ದೆ. ಹೋದ ಥ್ಯಾಂಕ್ಸ್‌ಗಿವಿಂಗಿಗೆ ಶಿಕಾಗೋ ಪಕ್ಕದ ಶಾಮ್‌ಬರ್ಗಿನಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಸತೀಶ ಅದನ್ನು ಕೊನೆಯವರೆಗೂ ಕೇಳಿ, "ಭಾವ, ಚೆನ್ನಾಗಿ ಹೇಳ್ತೀರ. ಆದ್ರೆ ಅದು ನಾನು," ಅಂದ. ಅಂದಿನಿಂದ ನನಗೆ ನಾನೇ ಪುರಾವೆ ಕೇಳುವಂತಾಗಿದೆ.

ನಾವು ಆಟ ನೋಡುವುದು ಡಾಕ್ಟರ್ ಹಿರೇಮಠರ ಬೇಸ್‌ಮೆಂಟಿನಲ್ಲಿ. ಗದಗಿನವರು, ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು. ಹಗಲೆಲ್ಲ ಜನರನ್ನು ಮಲಗಿಸುವವರಾದ್ದರಿಂದ ಸಂಜೆ ತಮ್ಮ ಸೋಫಾದ ಮೇಲೆ ಯಾರಾದರೂ ತೂಕಡಿಸಿದರೆ ಅವರಿಗೆ ಸಹಿಸಲಾಗದು. ಆ ಸೋಫಾದ ಎಡತುದಿ ನನ್ನ ಜಾಗ. ಬಲತುದಿ ಡಾಕ್ಟರದು. ನಡುವೆ ಪ್ರಸನ್ನ, ಬೆಂಗಳೂರಿನ ಹುಡುಗ, ಕೆಲಸ ಹೋದರೆ ದೇಶ ಬಿಡಬೇಕಾದ ವೀಸಾದ ಮೇಲೆ ಇರುವವನು, ತಂಡದ ಅಂಕಿಅಂಶಗಳೆಲ್ಲ ನಾಲಗೆಯ ತುದಿಯಲ್ಲಿ. ಈ ಜಾಗಗಳನ್ನು ಆಟದ ನಡುವೆ ಬದಲಾಯಿಸುವಂತಿಲ್ಲ. ಊರಲ್ಲಿ ಕ್ರಿಕೆಟ್ ನೋಡುತ್ತಿದ್ದ ಕಾಲದಿಂದ ಬಂದ ಕಟ್ಟಳೆ ಇದು. ವಿಮಾನ ಹತ್ತುವಾಗ ಉಪ್ಪಿನಕಾಯಿಯ ಜೊತೆ ಅದನ್ನೂ ಕಟ್ಟಿಕೊಂಡು ಬಂದಿದ್ದೇವೆ. ಸಿಕ್ಸರ್ ಹೊಡೆದಾಗ ಬಾಗಿಲ ಬಳಿ ನಿಂತಿದ್ದವನು ಇನ್ನಿಂಗ್ಸ್ ಮುಗಿಯುವ ತನಕ ಬಾಗಿಲ ಬಳಿಯೇ. ನಮ್ಮ ಸೋದರಮಾವನನ್ನು ಹೀಗೆ ಒಂದು ಮಧ್ಯಾಹ್ನವಿಡೀ ಬಚ್ಚಲುಮನೆಯಲ್ಲಿ ಇಟ್ಟಿದ್ದೆವು. (ಅವರು ನಮ್ಮ ಸೋದರಮಾವನೇ ಎಂದು ನನ್ನ ನಂಬಿಕೆ.) ನಾನು ಈ ಮೌಢ್ಯವನ್ನು ಗೇಲಿ ಮಾಡುತ್ತಲೇ ಬಂದಿದ್ದೇನೆ, ಎಡತುದಿಯಿಂದ ಏಳದೆ.

ಈ ಚಳಿಗಾಲದ ಜಗಳ ಗೌಡರ ಬಗ್ಗೆ. ಗೌಡರೆಂದರೆ ನಮ್ಮ ತಂಡದಲ್ಲಿ ಮೊದಲ ಬೇಸ್, ಅಂದರೆ ಚೆಂಡು ಹೊಡೆದವನು ಓಡಿ ಮುಟ್ಟಬೇಕಾದ ನಾಲ್ಕು ಮೂಲೆಗಳಲ್ಲಿ ಮೊದಲನೆಯದನ್ನು, ಕಾಯುತ್ತಿದ್ದ ಹಳೆಯ ಆಟಗಾರ. ಅವರ ನಿಜವಾದ ಹೆಸರು ನಮ್ಮ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಹೊಟ್ಟೆ, ಮೀಸೆ, ಹೊಲದ ಬದುವಿನ ಮೇಲೆ ಸಂಜೆ ನಡೆಯುವವರ ಗತ್ತು ನೋಡಿ ಡಾಕ್ಟರೇ ಇಟ್ಟ ಹೆಸರು ಅದು. ಒಂದು ಕಾಲದಲ್ಲಿ ಚೆಂಡನ್ನು ಊರಾಚೆ ಹೊಡೆಯುತ್ತಿದ್ದರು. ಈಗ ಹೊಡೆದ ಚೆಂಡು ಗೋಡೆಗೆ ತಾಗಿ ಬಂದರೂ ಗೌಡರು ಮೊದಲ ಬೇಸನ್ನೇ ತಲುಪಿರುವುದಿಲ್ಲ. ಅವರನ್ನು ಬಿಟ್ಟುಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಆ ಸಂಬಳದಲ್ಲಿ ಇಬ್ಬರು ಬೌಲರುಗಳು ಬರುತ್ತಾರೆ. ಇಲ್ಲಿ ಬೌಲರಿಗೆ ಪಿಚರ್ ಎನ್ನುತ್ತಾರೆ, ಮೊಣಕೈ ಮಾತ್ರ ಅಷ್ಟೇ ಬೇಗ ಕೆಡುತ್ತದೆ. ಡಾಕ್ಟರು ಒಪ್ಪಲಿಲ್ಲ.

"ಅಲ್ರೀ ಮೂರ್ತಿಯವರ, ಅಂವ ಇದ್ರ ಮನಿಗೆ ಹಿರ್ಯಾ ಇದ್ದಂಗ. ಹುಡುಗೂರು ಅಂವನ್ನ ನೋಡಿ ಕಲೀತಾವ."

"ಏನು ಕಲೀತಾವೆ ಡಾಕ್ಟ್ರೇ, ನಡೆಯೋದಾ? ಹಿರಿಯರು ಮನೇಲಿ ಇರಲಿ. ಮೊದಲ ಬೇಸ್ ಮೇಲೆ ಯಾಕೆ?"

"ಇರೋದರಾಗ ಒಂದು ಇದು ಇರ್ತದ. ನಿಮ್ಮ ಮೀಟರಿಗೆ ಅದು ಸಿಗಂಗಿಲ್ಲ."

"ಮೀಟರಿಗೆ ಸಿಗದೇ ಇದ್ದದ್ದಕ್ಕೆ ಸಂಬಳ ಕೊಡಬಾರದು," ಎಂದೆ. ಒಳ್ಳೆಯ ಮಾತು ಅನ್ನಿಸಿ ಇನ್ನೊಂದು ಸಲವೂ ಹೇಳಿದೆ. ಪ್ರಸನ್ನ ನಮ್ಮಿಬ್ಬರ ನಡುವೆ ಮುದುಡಿಕೊಂಡು, "ಸರ್, ಈ ಮಾತು ಬೇಡ. ನಮ್ಮ ಆಫೀಸಲ್ಲೂ ಡಿಸೆಂಬರಲ್ಲಿ ಹೀಗೇ ಮಾತಾಡ್ತಾರೆ," ಅಂದ.

ತಂಡದ ಯಜಮಾನರಿಗೆ ನನ್ನ ಅಭಿಪ್ರಾಯ ಹೇಗೆ ತಲುಪಿತೋ, ಕ್ರಿಸ್‌ಮಸ್ಸಿಗೆ ಮುಂಚೆ ಗೌಡರನ್ನು ಬಿಟ್ಟರು. ವಾರ ಕಳೆಯುವುದರೊಳಗೆ ಶಿಕಾಗೋದವರು ಅವರನ್ನು ಎತ್ತಿಕೊಂಡರು. ಶಾಮ್‌ಬರ್ಗಿನಿಂದ ಸತೀಶ ಫೋನ್ ಮಾಡಿ, "ಭಾವ, ನಿಮ್ಮ ತಂಡದ ಹಳೇ ಸಾಮಾನೆಲ್ಲ ನಾವೇ ತಗೋತೀವಿ, ಗ್ಯಾರೇಜ್ ಸೇಲ್ ಇನ್ನೂ ಇದೆಯಾ?" ಎಂದು ಕೇಳಿದ. ಹಳೇ ಸಾಮಾನು ಕೊಂಡವನ ಕಷ್ಟ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ ಎಂದು ನಾನೂ ಹೇಳಿದೆ. ಒಟ್ಟಿನಲ್ಲಿ ನನ್ನ ಮಾತು ಗೆದ್ದಿತ್ತು. ಗೆದ್ದ ಮಾತು ಮುಂದೆ ಏನು ಮಾಡುತ್ತದೆಂದು ನನಗೆ ತಿಳಿದಿರಲಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಡಾಕ್ಟರು ಎಳ್ಳು-ಬೆಲ್ಲ ಕೊಟ್ಟು ಕೂರಿಸಿದರು. ನನ್ನ ಬೆನ್ನಿಗೆ ದಿಂಬು ಸರಿಮಾಡಿದರು. ರೋಗಿಯ ಮೂಗಿಗೆ ಮಾಸ್ಕು ಹಿಡಿಯುವ ಮುಂಚೆ ಹೀಗೇ ಮಾಡುತ್ತಾರೇನೋ.

"ಮೂರ್ತಿಯವರ, ತಪ್ಪು ತಿಳ್ಕೋಬ್ಯಾಡ್ರಿ. ಹ್ವಾದ ವರ್ಷ ಕಡೀ ಇನ್ನಿಂಗ್ಸಿನ್ಯಾಗ ನಾವು ಸೋತ ಆಟ ಎಲ್ಲಾ ನೆನಪು ಮಾಡ್ಕೊಂಡ್ವಿ, ನಾನೂ ಪ್ರಸನ್ನನೂ. ಎಲ್ಲಾದರಾಗೂ ಎಡತುದಿಗೆ ನೀವ ಇದ್ರಿ."

"ಬಲತುದೀಲಿ ನೀವೂ ಇದ್ರಿ."

"ನಾ ಗೆದ್ದಾಗೂ ಇದ್ದೆ. ಮನಿ ನಂದ."

ಅಂದರೆ ನನ್ನನ್ನು ಕೈಬಿಡುವುದೆಂದು ತೀರ್ಮಾನವಾಗಿತ್ತು. ಬರೀ ಕೈಬಿಟ್ಟಿರಲೂ ಇಲ್ಲ; ಮುಕ್ಕಾಲು ಗಂಟೆ ದಾರಿಯ ರಾಚೆಸ್ಟರ್ ಹಿಲ್ಸಿನಲ್ಲಿ ಮಂಡ್ಯದ ನಾಗರಾಜನ ಮನೆಯಲ್ಲಿ ಇಂಥದೇ ಇನ್ನೊಂದು ಗುಂಪು ಆಟ ನೋಡುತ್ತದೆ, ಅವರ ಜೊತೆ ಮಾತು ಮುಗಿಸಿದ್ದರು. ನನ್ನನ್ನು ಅಲ್ಲಿಗೆ ಕೊಟ್ಟು ಅಲ್ಲಿಂದ ಶ್ರೀಧರ ಎಂಬುವನನ್ನು ತರುವುದು. ಶ್ರೀಧರನಿಗೆ ಬೇಸ್‌ಬಾಲ್ ಅಷ್ಟೇನೂ ತಿಳಿಯದು, ಆದರೆ ಮಿರ್ಚಿ ಭಜಿಯನ್ನು ಅಲ್ಲೇ ನಿಂತು ಕರಿದು ಬಿಸಿಬಿಸಿ ಕೊಡುತ್ತಾನೆ. ನನ್ನ ಬದಲಿಗೆ ಒಬ್ಬ ಭಜಿಯವನು. ಅದರ ಮೇಲೆ ನಾಗರಾಜ ಇನ್ನೇನಾದರೂ ಕೊಡಿ ಎಂದು ಕೇಳಿದ್ದನಂತೆ, ಡಾಕ್ಟರು ಎರಡು ಮಡಚುವ ಕುರ್ಚಿ ಸೇರಿಸಿದ್ದರು.

ಇದು ಮೂಢನಂಬಿಕೆ ಎಂದೆ. ಸೋಫಾದ ಮೇಲೆ ಕೂತವನಿಂದ ಮೂವತ್ತು ಮೈಲಿ ದೂರದ ಚೆಂಡಿನ ದಾರಿ ಬದಲಾಗುವುದಿಲ್ಲ ಎಂದು ನ್ಯೂಟನ್ನನಿಂದ ಶುರು ಮಾಡಿ ವಿವರಿಸಿದೆ. ಡಾಕ್ಟರು ತಲೆಯಾಡಿಸಿ, "ಹಂಗಾರ ಎಲ್ಲಿ ಕುಂತ್ರೂ ಒಂದ ಅಂದ್ರಿ. ರಾಚೆಸ್ಟರ್‌ದಾಗ ಕುಂಡ್ರಿ ಮತ್ತ," ಅಂದರು. ವಿಜ್ಞಾನ ಅಲ್ಲಿಗೆ ಮುಗಿಯಿತು. ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ: ನನ್ನಿಂದ ತಂಡಕ್ಕೆ ಅದೃಷ್ಟ ಬರುತ್ತದೆ ಎಂದು ವಾದಿಸಿದೆ. ಹೋದ ಆಗಸ್ಟಿನಲ್ಲಿ ಶಿಕಾಗೋ ಮೇಲೆ ಗೌಡರು ಕೊನೆಯಲ್ಲಿ ಹೋಂ ರನ್ ಹೊಡೆದು, ನಮ್ಮ ಸಿಕ್ಸರಿನ ಹಾಗೆ ಚೆಂಡನ್ನು ಗೋಡೆಯಾಚೆ ಕಳಿಸಿ, ಗೆಲ್ಲಿಸಿದರಲ್ಲ, ಆವತ್ತು ಎಡತುದಿಯಲ್ಲಿ ಯಾರಿದ್ದರು? ನಾನು. ನನ್ನ ಕೈಯಲ್ಲಿದ್ದ ಮಂಡಕ್ಕಿ ಕೂಡ ಚೆಲ್ಲಿತ್ತು.

"ಇಲ್ಲ ಸರ್," ಅಂದ ಪ್ರಸನ್ನ. "ನೀವು ಕಾಫಿ ತರಕ್ಕೆ ಮೇಲೆ ಹೋಗಿದ್ರಿ. ಅದಕ್ಕೇ ಹೊಡೆದ್ರು."

ಮೇಲಿನಿಂದ ಎಳ್ಳಿನ ತಟ್ಟೆ ತರುತ್ತಿದ್ದ ನನ್ನ ಹೆಂಡತಿ ವತ್ಸಲಾ ಮೆಟ್ಟಿಲ ಮೇಲೇ ನಿಂತಳು. "ಮೇಲೂ ಇಲ್ಲ, ಕೆಳಗೂ ಇಲ್ಲ. ಆವತ್ತು ನೀವು ದೇವಸ್ಥಾನದ ಪಾರ್ಕಿಂಗಲ್ಲಿ ವಾಲಂಟಿಯರು. ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು ಕಾರುಗಳಿಗೆ ಕೈ ತೋರಿಸ್ತಾ ಇದ್ರಿ, ಮರೆತುಹೋಯ್ತಾ?"

ದೇವರನ್ನು ನಂಬದವನು ದೇವಸ್ಥಾನದ ಪಾರ್ಕಿಂಗಿನಲ್ಲಿ ಯಾಕಿದ್ದ ಎಂದು ನೀವು ಕೇಳಬಹುದು. ಅಲ್ಲಿಯ ಪುಳಿಯೋಗರೆಯನ್ನು ನಾನು ನಂಬುತ್ತೇನೆ. ಆದರೆ ಚೆಲ್ಲಿದ ಮಂಡಕ್ಕಿ ನನ್ನ ಕಣ್ಣ ಮುಂದಿದೆ, ಅದನ್ನು ಒಂದೊಂದಾಗಿ ಆರಿಸಿದ್ದು ಬೆರಳಿಗೆ ಗೊತ್ತಿದೆ. ಅದು ಯಾರ ಮಂಡಕ್ಕಿಯೋ, ಯಾವ ವರ್ಷದ್ದೋ, ಸತೀಶನದೇ ಇದ್ದರೂ ಇರಬಹುದು. ಪ್ರಸನ್ನ ಸಮಾಧಾನಕ್ಕೆಂದು, "ಸರ್, ಅಲ್ಲಿ ಟಿವಿ ದೊಡ್ಡದಂತೆ," ಅಂದ. ನಾನು ಬಾಯಿ ಬಿಡುವ ಮೊದಲೇ ಡಾಕ್ಟರು ಸೇರಿಸಿದರು: "ನೀವು ಇದ್ರ ಒಂದು ಇದು ಇರ್ತದ ಖರೆ. ಆದ್ರ ಮೀಟರಿಗೆ ಸಿಗಂಗಿಲ್ಲಲ್ಲ."

ಹಾಗೆ ಏಪ್ರಿಲ್‌ನಲ್ಲಿ, ಆಟ ಶುರುವಾದ ಮೊದಲ ಶನಿವಾರದ ಮಧ್ಯಾಹ್ನ, ಮಡಚುವ ಕುರ್ಚಿಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು ರಾಚೆಸ್ಟರ್ ಹಿಲ್ಸಿಗೆ ಡ್ರೈವ್ ಮಾಡಿದೆ. ಹಾದಿಯುದ್ದಕ್ಕೂ ಒಂದು ಲೆಕ್ಕಾಚಾರ ತಲೆ ತಿನ್ನುತ್ತಿತ್ತು. ನಾನು ನೋವೈ ಬಿಟ್ಟ ಮೇಲೆ ತಂಡ ಗೆದ್ದರೆ ಡಾಕ್ಟರ ಮಾತು ಸಾಬೀತಾಯಿತು, ಎಡತುದಿ ಖಾಯಂ ಆಗಿ ಭಜಿಯವನಿಗೆ ಹೋಯಿತು. ನಾನು ಹಿಂತಿರುಗಬೇಕಾದರೆ ತಂಡ ಸೋಲಬೇಕು. ಇಷ್ಟು ವರ್ಷ ಅಭಿಮಾನಿಯಾಗಿದ್ದ ನಾನು ನನ್ನ ತಂಡದ ಸೋಲು ಬಯಸುತ್ತ ಎಕ್ಸಿಟ್ ತಪ್ಪಿಸಿಕೊಂಡೆ.

ನಾಗರಾಜ ಒಳ್ಳೆಯ ಮನುಷ್ಯ. "ಬನ್ನಿ ಸಾ, ಇಲ್ಲಿ ಕೂತ್ಕಳಿ, ಇದೇ ಇನ್ಮೇಲೆ ನಿಮ್ ಜಾಗ," ಎಂದು ಟಿವಿಯ ಎದುರಿನ ಕುರ್ಚಿಯನ್ನೇ ಕೊಟ್ಟ. "ಒಂದೇ ಮಾತು ಸಾ. ಮ್ಯಾಚ್ ಮುಗಿಯೋಗಂಟ ಏಳಂಗಿಲ್ಲ." ಮೌಢ್ಯಕ್ಕೆ ಊರಿನ ಗಡಿಯಿಲ್ಲ. ಅಂದಿನ ಆಟ ಶಿಕಾಗೋದಲ್ಲಿ, ಎದುರಾಳಿ ತಂಡದಲ್ಲಿ ಗೌಡರು. ಬಣ್ಣ ಬೇರೆ, ಹೊಟ್ಟೆ ಅದೇ. ನಮ್ಮವರು ಒಂದು ರನ್ ಮುಂದಿದ್ದರು. ಹಾಗೇ ಕೊನೆಯ ಇನ್ನಿಂಗ್ಸ್ ಬಂತು. ಶಿಕಾಗೋದ ಇಬ್ಬರು ಔಟಾಗಿದ್ದರು, ಒಬ್ಬ ಬೇಸ್ ಮೇಲೆ ನಿಂತಿದ್ದ. ಇನ್ನೊಬ್ಬ ಔಟಾದರೆ ನಾವು ಗೆದ್ದೆವು. ಬ್ಯಾಟು ಹೆಗಲ ಮೇಲಿಟ್ಟುಕೊಂಡು ಗೌಡರು ನಿಧಾನವಾಗಿ ನಡೆದು ಬಂದರು.

ನನ್ನ ಸ್ಥಿತಿಯನ್ನು ಯೋಚಿಸಿ. ಗೌಡರು ಔಟಾದರೆ ಅವರ ಬಗ್ಗೆ ನಾನು ಹೇಳಿದ್ದು ಸರಿ, ಆದರೆ ನನ್ನ ಬಗ್ಗೆ ಡಾಕ್ಟರು ಹೇಳಿದ್ದೂ ಸರಿ. ಗೌಡರು ಹೊಡೆದರೆ ನನ್ನ ಅಭಿಪ್ರಾಯ ಮಣ್ಣುಪಾಲು, ಸೋಫಾ ವಾಪಸ್ಸು. ಅಭಿಪ್ರಾಯ ಇನ್ನೊಂದು ಹುಟ್ಟುತ್ತದೆ, ಸೋಫಾದ ತುದಿ ಹುಟ್ಟುವುದಿಲ್ಲ. 'ಹೊಡೀರಿ ಗೌಡ್ರೇ' ಎಂದು ಮನಸ್ಸಿನಲ್ಲೇ ಅಂದೆ. ಅವರು ಎರಡು ಸಲ ಗಾಳಿಗೆ ಬೀಸಿದರು. ಇನ್ನೊಂದು ತಪ್ಪಿದರೆ ಮುಗಿಯಿತು. ಆಗ, ಮೈಸೂರಿನಲ್ಲಿ ಭೌತಶಾಸ್ತ್ರ ಓದಿದ ನಾನು, ಕುರ್ಚಿಯಿಂದ ಎದ್ದು ನಿಂತೆ.

ಚೆಂಡು ಗೋಡೆಯಾಚೆ ಹೋಯಿತು. ಶಿಕಾಗೋಗೆ ಎರಡು ರನ್, ನಮಗೆ ಸೋಲು. ಗೌಡರು ನಾಲ್ಕೂ ಬೇಸುಗಳನ್ನು ಮದುವೆಮನೆಯಲ್ಲಿ ಪಂಕ್ತಿ ವಿಚಾರಿಸುವವರ ಹಾಗೆ ಸುತ್ತಿ ಬಂದರು. ಚೆಂಡು ಆಚೆ ಹೋದಮೇಲೆ ಓಡಬೇಕಾಗಿಲ್ಲವಲ್ಲ. ಮನೆಯಲ್ಲಿ ಯಾರೂ ಟಿವಿ ನೋಡುತ್ತಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಯಾಕ್ ಎದ್ರಿ ಸಾ?" ನಾಗರಾಜನ ದನಿಯಲ್ಲಿ ಸಿಟ್ಟಿಗಿಂತ ದುಃಖವಿತ್ತು.

"ಚೆಂಡು ಹೋದಮೇಲೆ ಎದ್ದೆ ಕಣಪ್ಪ, ಬೇಜಾರಾಗಿ."

"ಮೊದಲೇ ಎದ್ರಿ. ನಾನೇ ನೋಡ್ದೆ."

ಕಾರಿಗೆ ಬರುವಷ್ಟರಲ್ಲಿ ಡಾಕ್ಟರ ಫೋನು. "ಮೂರ್ತಿಯವರ, ಸೋತ್ವಿ. ನೀವು ಇಲ್ಲಂದ್ರೂ ಸೋತ್ವಿ. ಈ ಶ್ರೀಧರ ಭಜಿ ಹೊಗಿಗೆ ಅಲಾರ್ಮ್ ಬ್ಯಾರೆ ಹೊಡಿಸ್ಯಾನ. ಮುಂದಿನ ವಾರ ಬರ್ರಿ, ನಿಮ್ಮ ಜಾಗಾ ಹಂಗ ಅದ." ಹಿಂದಿನಿಂದ ನಾಗರಾಜ ನನ್ನ ಡಿಕ್ಕಿಯಲ್ಲಿ ಮಡಚುವ ಕುರ್ಚಿಗಳನ್ನು ಕೇಳದೆಯೇ ತುಂಬುತ್ತಿದ್ದ.

ನಾನು ಎದ್ದದ್ದಕ್ಕೂ ಗೌಡರು ಹೊಡೆದದ್ದಕ್ಕೂ ಸಂಬಂಧವಿಲ್ಲ. ಇದನ್ನು ನಾನು ಸಮೀಕರಣ ಬರೆದು ತೋರಿಸಬಲ್ಲೆ. ಇನ್ನು ಎದ್ದದ್ದು ಮೊದಲೋ ಆಮೇಲೋ ಎಂಬ ಪ್ರಶ್ನೆ: ಮೇಲೆ ಎದ್ದು ನಿಂತೆ ಎಂದು ಬರೆದು ಆಮೇಲೆ ಚೆಂಡು ಹೋಯಿತು ಎಂದು ಬರೆದಿದ್ದೇನೆ, ಆದರೆ ಅದು ನಾಗರಾಜನ ನೆನಪೋ ನನ್ನದೋ ಈಗ ಹೇಳಲಾರೆ. ಮುಂದಿನ ಶನಿವಾರ ಡಾಕ್ಟರ ಮನೆಯಲ್ಲಿ ಸೋಫಾದ ಎಡತುದಿಯಲ್ಲಿ ಕೂತೆ. ಆಟಕ್ಕೆ ಮುಂಚೆ ವತ್ಸಲಾ ಕೊಟ್ಟ ಎರಡು ಲೋಟ ಕಾಫಿ ಕುಡಿದಿದ್ದೆ. ಮೂರನೇ ಇನ್ನಿಂಗ್ಸಿಗೆ ನಮ್ಮವರು ಮುಂದಾದರು, ಅಷ್ಟು ಹೊತ್ತಿಗೆ ನನಗೆ ಬಚ್ಚಲುಮನೆಗೆ ಹೋಗಲೇಬೇಕಿತ್ತು. ಒಂಬತ್ತನೆಯದು ಮುಗಿದು, ಗೆದ್ದು, ಡಾಕ್ಟರೂ ಪ್ರಸನ್ನನೂ ಎದ್ದು ಕುಣಿಯುತ್ತಿದ್ದಾಗಲೂ ನಾನು ಮೊಣಕಾಲು ಬಿಗಿಹಿಡಿದು ಕೂತಲ್ಲೇ ಕೂತಿದ್ದೆ.

"ಏಳಿ ಸರ್, ಗೆದ್ವಿ," ಅಂದ ಪ್ರಸನ್ನ.

"ರಿಪ್ಲೇ ಮುಗೀಲಿ," ಎಂದೆ.