ಕುಳ್ಳಿಯ ಹಣ್ಣೆಲೆ

ಪಾಠ ಹೇಳುವುದು ಬೇರೆ, ಹೇಳಿದ್ದನ್ನು ನಂಬುವುದು ಬೇರೆ. ಇದು ನನ್ನಂಥ ಮೇಷ್ಟ್ರುಗಳಿಗೆ ಮಾತ್ರ ಗೊತ್ತಿರುವ ಗುಟ್ಟು. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಶರತ್ಕಾಲದಲ್ಲಿ ಎಲೆಯೊಳಗಿನ ಹಸಿರು ಕರಗುತ್ತದೆ, ಅದುವರೆಗೆ ಅಡಗಿದ್ದ ಹಳದಿ ಮೇಲೆ ಕಾಣುತ್ತದೆ, ಆಮೇಲೆ ಎಲೆ ತಾನಾಗಿ ಉದುರುತ್ತದೆ, ಗಾಬರಿಪಡುವಂಥದ್ದೇನೂ ಇಲ್ಲ ಎಂದು ಪ್ರತಿ ವರ್ಷವೂ ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು, ತೊಟ್ಟಿನ ಬುಡಕ್ಕೆ ಬಾಣದ ಗುರುತು ಹಾಕಿ ಹೇಳಿದ್ದೇನೆ. ಬಾಣ ಹಾಕಲು ಮರೆತ ಮಕ್ಕಳಿಗೆ ಅರ್ಧ ಅಂಕ ಕಳೆದಿದ್ದೇನೆ. ಅಂಥ ನಾನು ಹೋದ ವರ್ಷ ದಸರಾ ರಜೆಯ ಮೊದಲ ಬೆಳಿಗ್ಗೆ ತಾರಸಿಯ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದವನು, ನಮ್ಮ ಕುಳ್ಳಿಯ ಮೈಮೇಲೆ ಮೂರು ಹಳದಿ ಎಲೆ ಕಂಡು ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟೆ.

ಕುಳ್ಳಿ ಎಂದರೆ ತಟ್ಟೆಯಂಥ ಕುಂಡದಲ್ಲಿ ನಿಂತಿರುವ ಒಂದೂಕಾಲು ಅಡಿ ಎತ್ತರದ ಹಿಪ್ಪುನೇರಳೆ ಮರ. ಬೊಡ್ಡೆ ಮಾತ್ರ ನನ್ನ ತೋಳಿಗಿಂತ ದಪ್ಪ. ಶಿಡ್ಲಘಟ್ಟದ ಆಚೆ ನಮ್ಮತ್ತೆಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿತ್ತು. ಅತ್ತೆ ಎಂದರೆ ಬರೀ ಹೆಂಡತಿಯ ತಾಯಿಯಲ್ಲ, ನನ್ನ ಸೋದರಮಾವನ ಹೆಂಡತಿ. ನಾನು ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದ ಕಂಡವರು. ಹಾಗಾಗಿ ಅಳಿಯ ಎಂಬ ಮರ್ಯಾದೆ ನನಗೆ ಆ ಮನೆಯಲ್ಲಿ ಸಿಕ್ಕಿಲ್ಲ, ಮಾತೆಲ್ಲ ಏಕವಚನದಲ್ಲೇ. ನಿಜವಾಗಿ ಕೋಪ ಬಂದಾಗ ಮಾತ್ರ ಬಹುವಚನ ಹಚ್ಚುತ್ತಾರೆ. ಅತ್ತೆ ಐವತ್ತು ವರ್ಷ ರೇಷ್ಮೆ ಹುಳ ಸಾಕಿದರು. ಮಾವ ತೀರಿಕೊಂಡ ಮೇಲೆ, ಮಂಡಿಯೂ ಕೈಕೊಟ್ಟ ಮೇಲೆ, ಜಮೀನನ್ನು ಗುಲಾಬಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟು ನಮ್ಮ ಮನೆಗೆ ಬಂದರು. ಜೆಸಿಬಿ ತೋಟ ಕೀಳುವ ದಿನ ಬದುವಿನ ಮೇಲೆ ನಿಂತು, "ಹೂವಿನ ತೋಟ ಆಯ್ತದಲ್ಲ, ಒಳ್ಳೇದೇ ಬಿಡಪ್ಪ" ಅಂದರು. ಅಂದವರು ಆ ದಿನ ಊಟ ಮಾಡಲಿಲ್ಲ. ನಾನು ರಾಶಿಯಿಂದ ಒಂದು ಬೊಡ್ಡೆ ಎಳೆದುಕೊಂಡು, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು, ಕಾಲನ್ನು ಎರಡೂ ಕಡೆ ರೆಕ್ಕೆಯ ಹಾಗೆ ಚಾಚಿಕೊಂಡು ಮನೆಗೆ ತಂದೆ. ಅತ್ತೆಯ ಕೈಯಾರೆ ನೆಟ್ಟ ಗಿಡಗಳಲ್ಲಿ ಈ ಭೂಮಿಯ ಮೇಲೆ ಉಳಿದಿರುವುದು ಅದೊಂದೇ.

ನನಗೆ ಆಗ ಬೋನ್ಸಾಯ್ ಹುಚ್ಚು ಹೊಸದಾಗಿ ಹತ್ತಿತ್ತು. ಬೇರು ಸವರಿ, ತಂತಿ ಸುತ್ತಿ, ತಟ್ಟೆಯಲ್ಲಿ ಕೂರಿಸಿ, "ಇದಕ್ಕೆ ಬೋನ್ಸಾಯಿ ಅಂತಾರೆ ಅತ್ತೆ" ಎಂದು ಹೆಮ್ಮೆಯಿಂದ ತೋರಿಸಿದೆ. ಅವರ ಮುಖ ಬಿಗಿಯಿತು. "ಅದೇನಪ್ಪ ಅಪಶಕುನದ ಹೆಸರು, ಬೋನಲ್ಲಿ ಸಾಯಿ ಅಂತ. ಇಲಿಗೂ ಯಾರೂ ಹಂಗನ್ನಲ್ಲ" ಅಂದರು. ಜಪಾನಿನವರ ಪರವಾಗಿ ನಾನು ಎಷ್ಟು ವಾದಿಸಿದರೂ ಕೇಳಲಿಲ್ಲ. ಅವತ್ತೇ ಕುಳ್ಳಿ ಎಂದು ಹೆಸರಿಟ್ಟರು. ಅಂದಿನಿಂದ ಕಾಫಿ ಕುಡಿಯುವ ಮೊದಲು ಗೋಡೆ ಹಿಡಿದುಕೊಂಡು ತಾರಸಿ ಹತ್ತಿ ಅದರ ಎಲೆ ಸವರಿ ಬರುವುದು ಅವರ ಪೂಜೆ.

ಹೀಗಿರುವಾಗ ಅತ್ತೆ ಗೌರಿಬಿದನೂರಿನ ಕಿರಿಯ ಮಗಳ ಮನೆಗೆ ಒಂದು ತಿಂಗಳ ಮಟ್ಟಿಗೆ ಹೋಗಿದ್ದರು. ಆಯುಧಪೂಜೆಗೆ ವಾಪಸು ಬರುವುದೆಂದು ಮಾತು. ದಿನಾ ಫೋನು. "ಕುಳ್ಳಿ ಹೆಂಗವ್ಳೆ?" ಎನ್ನುವುದು ಮೊದಲ ಪ್ರಶ್ನೆ, ಮಗಳ ಆರೋಗ್ಯ ಎರಡನೆಯದು, ನನ್ನದು ಪಟ್ಟಿಯಲ್ಲಿಲ್ಲ. ಬೇರೆ ವರ್ಷಗಳಲ್ಲಿ ನಾನು ಎಲೆ ಬಲಿಯುತ್ತಿದ್ದಂತೆ ಕತ್ತರಿ ಆಡಿಸುತ್ತಿದ್ದೆ. ಆ ವರ್ಷ ಮೇಷ್ಟ್ರುಗಳನ್ನೆಲ್ಲ ಯಾವುದೋ ಮನೆಮನೆ ಸಮೀಕ್ಷೆಗೆ ಅಟ್ಟಿದ್ದರಿಂದ ಕುಳ್ಳಿಗೆ ಕತ್ತರಿಯೇ ಬಿದ್ದಿರಲಿಲ್ಲ. ಮೂರು ಹಳದಿ ಎಲೆ ಮಾರನೆಯ ದಿನ ಏಳಾಯಿತು, ಅದರ ಮಾರನೆಯ ದಿನ ಹದಿನೈದು. ಹಿಪ್ಪುನೇರಳೆ ಎಲೆ ಹಳದಿ ಆಗಿದ್ದನ್ನು ನಾನು ರೋಗ ಬಿದ್ದ ತೋಟಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡಿರಲಿಲ್ಲ. ಬೋನಲ್ಲಿ ಸಾಯಿ ಎಂದ ಅತ್ತೆಯ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಫೋನಿನಲ್ಲಿ ಮಾತ್ರ "ಗುಂಡುಕಲ್ಲಿನಂಗವ್ಳೆ ಅತ್ತೆ" ಎನ್ನುತ್ತಿದ್ದೆ.

ಬೋನ್ಸಾಯ್ ಪ್ರಿಯರ ಒಂದು ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೇನೆ. ಫೋಟೋ ತೆಗೆದು, "ದಯವಿಟ್ಟು ಕಾಪಾಡಿ" ಎಂದು ಬರೆದು ಹಾಕಿದೆ. ಹತ್ತು ನಿಮಿಷದಲ್ಲಿ ಚಪ್ಪಾಳೆಗಳ ಸುರಿಮಳೆ. "ಅಬ್ಬ ಸಾರ್, ಎಂಥಾ ಆಟಮ್ ಕಲರ್", "ಅಕ್ಟೋಬರ್ ಮೊದಲ ವಾರಕ್ಕೇ ತರಿಸಿದೀರಲ್ಲ, ಟೆಕ್ನಿಕ್ ಏನು". ಬೆಂಗಳೂರಿನ ಒಬ್ಬಾಕೆ ತನ್ನ ಮೇಪಲ್ ಗಿಡವನ್ನು ಬಣ್ಣ ಬರಲೆಂದು ದಿನಾ ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟರೂ ಅದು ಹಸಿರಾಗಿಯೇ ಕೂತಿದೆ ಎಂದು ಅಳಲು ತೋಡಿಕೊಂಡಿದ್ದಳು. ನನಗೆ ಮೈ ಉರಿಯಿತು. ಆಸ್ಪತ್ರೆಯಲ್ಲಿ ಮಲಗಿಸಿರುವವರನ್ನು ತೋರಿಸಿ ಔಷಧಿ ಕೇಳಿದರೆ, ಎಷ್ಟು ಸ್ಲಿಮ್ ಆಗಿದ್ದಾರೆ ಅಂದ ಹಾಗಾಯಿತು.

ಸರಿ, ಇವರನ್ನು ನಂಬಿ ಕೆಟ್ಟೆ ಎಂದುಕೊಂಡು ಒಂದು ಹಳದಿ ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಔಷಧಿ ಗೊಬ್ಬರ ಮಾರುವ ಅಂಗಡಿಯವರು ಎಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ಎಷ್ಟು ಎಕರೆ ಸಾರ್ ತೋಟ?" ಅಂದರು.

"ಒಂದು ತಟ್ಟೆ" ಅಂದೆ.

"ತಟ್ಟೆ ಹುಳ ಸಾಕೋ ಲೆಕ್ಕ ಸಾರ್. ನಾನು ಕೇಳಿದ್ದು ತೋಟ."

"ತೋಟಾನೇ ಒಂದು ತಟ್ಟೆ."

ಅವರು ಎಲೆಯನ್ನು ಇನ್ನೊಂದು ಸಲ ತಿರುಗಿಸಿ, "ಹುಳ ಎಷ್ಟನೇ ಜ್ವರದಾಗವೆ? ಅದು ನೋಡ್ಕೊಂಡು ಔಷಧಿ ಕೊಡ್ಬೇಕು" ಅಂದರು. ಹುಳ ಪೊರೆ ಬಿಡಲು ತಿನ್ನುವುದು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು, "ಹುಳ ಇಲ್ಲ" ಅಂದೆ.

"ಸೊಪ್ಪು ಮಾರಕ್ಕಾ?"

"ಅಲ್ಲ, ನೋಡಕ್ಕೆ."

ಅಂಗಡಿಯವರು ಎಲೆಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು ಸ್ಟೂಲು ಎಳೆದರು. "ಕೂತ್ಕಳಿ ಸಾರ್, ಟೀ ತರಿಸ್ತೀನಿ. ಮನೇಲಿ ಯಾರ್ಯಾರಿದೀರಿ?" ಎಂದು ಬಹಳ ಮೃದುವಾಗಿ ಕೇಳಿದರು. ಟೀ ಚೆನ್ನಾಗಿತ್ತು, ಔಷಧಿ ಮಾತ್ರ ಸಿಗಲಿಲ್ಲ.

ಅತ್ತೆ ಬರುವ ದಿನ ಬೆಳಿಗ್ಗೆ ನೋಡಿದರೆ ಕುಳ್ಳಿಯ ಮೈಯೆಲ್ಲ ಹಳದಿ. ಎಳೆ ಬಿಸಿಲು ಬಿದ್ದು ಅದು ಹೊಳೆಯುತ್ತಿತ್ತು, ಸುಳ್ಳೇಕೆ, ಚೆಂದವಾಗಿಯೇ ಇತ್ತು. ನನ್ನ ಹೆಂಡತಿ ಪದ್ಮ, "ಇದ್ದಿದ್ದು ಇದ್ದಂಗೆ ಅಮ್ಮಂಗೆ ಹೇಳ್ಬಿಡ್ರಿ" ಅಂದಳು. ನನಗೆ ಧೈರ್ಯ ಬರಲಿಲ್ಲ. ಅಷ್ಟು ಹಳದಿಯನ್ನು ಒಟ್ಟಿಗೆ ಕಂಡರೆ ಅತ್ತೆಯ ಎದೆ ಒಡೆಯುತ್ತದೆ ಎಂದು ಒಂದೊಂದೇ ಎಲೆ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಕೊನೆಗೆ ತುದಿಯಲ್ಲಿ ಏಳು ಹಸಿರು ಎಲೆ ಉಳಿದವು. ತಿರುಪತಿಗೆ ಹೋಗಿ ಬಂದವರ ಹಾಗೆ ಕಾಣುತ್ತಿತ್ತು, ಆದರೂ ಚೊಕ್ಕಟವಾಗಿತ್ತು ಎಂದು ಸಮಾಧಾನಪಟ್ಟುಕೊಂಡೆ.

ಅತ್ತೆ ಬಸ್ಸಿಳಿದು ಬಂದವರು ಚೀಲ ಬಾಗಿಲಲ್ಲೇ ಇಟ್ಟು ನೇರ ತಾರಸಿ ಹತ್ತಿದರು. ನಾನೂ ಹಿಂದೆ ಹೋದೆ. ಅವರು ಕುಳ್ಳಿಯ ಮುಂದೆ ನಿಂತು ಬೋಳು ಕೊಂಬೆಗಳನ್ನು ಸವರಿದರು.

"ಎಲೆ ಎಲ್ಲೋದ್ವು?"

"ರೋಗ ಬಿದ್ದಿತ್ತು ಅತ್ತೆ. ಹಳದಿ ಆಗಿದ್ವು. ಕಿತ್ತಾಕ್ದೆ."

"ಚುಕ್ಕೆ ಇದ್ವಾ?"

"ಇಲ್ಲ."

"ಬೂದಿ ಹಿಡಿದಿತ್ತಾ? ಮುದುರಿದ್ವಾ?"

"ಇಲ್ಲ ಅತ್ತೆ, ಬರೀ ಹಳದಿ."

"ಹಣ್ಣಾಗಿದ್ವು" ಅಂದರು. "ನೀವು ಓದ್ದೋರು. ನಾಲ್ಕು ಜನಕ್ಕೆ ಹೇಳ್ಕೊಡೋರು. ನಿಮಗೆ ನಾನೇನು ಹೇಳ್ಲಿ."

ಬಹುವಚನ ಬಂತೆಂದರೆ ನಾನು ತಲೆ ಎತ್ತುವುದಿಲ್ಲ. ಅವರು ತಾರಸಿಯ ಗೋಡೆಗೆ ಒರಗಿಕೊಂಡು, ಬೈಯುವ ದನಿಯಲ್ಲದ ದನಿಯಲ್ಲಿ ಹೇಳಿದರು: "ಐವತ್ತು ವರ್ಷ ಸೊಪ್ಪು ಕುಯ್ದಿದೀನಿ. ಒಂದೇ ಒಂದು ಎಲೆ ಹಣ್ಣಾಗಕ್ಕೆ ಬಿಟ್ಟಿಲ್ಲ. ಹುಳಕ್ಕೂ ಹಸಿವು, ನಮಗೂ ಹಸಿವು. ಹಸಿರಿದ್ದಂಗೇ ಕುಯ್ಯೋದು, ಚಿಗುರಿದ್ರೆ ಇನ್ನೊಂದು ಸಲ ಕುಯ್ಯೋದು. ಪದ್ಮ ಹುಟ್ಟಿದ ದಿನ ಬೆಳಗ್ಗೆನೂ ಎರಡು ಹೊರೆ ಕುಯ್ದೇ ಮನೆಗೆ ಬಂದಿದ್ದು. ಈ ಗಿಡ ಒಂದಾದ್ರೂ ತನ್ನೆಲೆ ತಾನೇ ಉದುರಿಸ್ಕೊಳ್ಳೋದು ನೋಡ್ಬೋದಿತ್ತು."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ರೇಷ್ಮೆ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು ಹಿಪ್ಪುನೇರಳೆಯ ಹಣ್ಣೆಲೆಯನ್ನು ಯಾಕೆ ಕಂಡಿಲ್ಲ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅದಕ್ಕೆ ಮುಪ್ಪು ಬರಲು ನಾವು ಯಾರೂ ಬಿಟ್ಟಿರಲಿಲ್ಲ, ಅಷ್ಟೇ. ಬುಟ್ಟಿಯಿಂದ ಎಲೆ ಆರಿಸಿ ತಂದು ಗೋಂದು ಹಚ್ಚಲೇ ಎಂಬ ಯೋಚನೆ ಕೂಡ ಬಂತು ಎಂದರೆ ನನ್ನ ಸ್ಥಿತಿ ಊಹಿಸಿಕೊಳ್ಳಿ.

ಅಷ್ಟರಲ್ಲಿ ಅತ್ತೆ ಬಗ್ಗಿ ಬೊಡ್ಡೆಯ ಹಿಂದೆ ಕೈ ಹಾಕಿದರು. ಗೋಡೆಯ ಕಡೆಗೆ, ನನ್ನ ಕಣ್ಣು ತಪ್ಪಿಸಿಕೊಂಡು ಒಂದು ಹಳದಿ ಎಲೆ ಉಳಿದಿತ್ತು. "ಪಂಡುಟಾಕು" ಅಂದರು. ಸಂತೋಷವಾದಾಗ ಅವರಿಗೆ ತವರಿನ ತೆಲುಗು ಬರುತ್ತದೆ. ಹಣ್ಣೆಲೆ ಎಂದರೆ ಅವರಿಗೆ ಪಂಡುಟಾಕು. ಕುರ್ಚಿ ತರಲು ಹೇಳಿದರು.

ಮೂರು ದಿನ ಅತ್ತೆ ಆ ಎಲೆಯ ಕಾವಲು ಕೂತರು. ಆ ಕಡೆ ಪದ್ಮ ಸೀರೆ ಒಣಹಾಕುವಂತಿಲ್ಲ, ಕಾಗೆ ಕೂರುವಂತಿಲ್ಲ, ನಾನು ಸೀನುವಂತಿಲ್ಲ. ಹಬ್ಬದ ಒಬ್ಬಟ್ಟು ತಾರಸಿಗೇ ಬಂತು. ನಾನೂ ಪಕ್ಕದಲ್ಲಿ ಕುಂಬಳಕಾಯಿ ಕಳ್ಳನ ಹಾಗೆ ಕೂತಿದ್ದೆ. ಮೂರನೆಯ ದಿನ ಊಟವಾದ ಮೇಲೆ ಅತ್ತೆಗೆ ಕುರ್ಚಿಯಲ್ಲೇ ಜೋಂಪು ಹತ್ತಿತು. ಗಾಳಿಯೇ ಇರಲಿಲ್ಲ. ನಾನು ನೋಡುತ್ತಿದ್ದಂತೆ ಎಲೆ ಕೊಂಬೆಯನ್ನು ಬಿಟ್ಟಿತು, ಒಂದು ಸಲ ಮಗುಚಿಕೊಂಡು ತಟ್ಟೆಯ ಪಾಚಿಯ ಮೇಲೆ ಬಿತ್ತು. ಇಷ್ಟು ವರ್ಷ ಪಾಠ ಹೇಳಿದವನಿಗೆ ಅದೇ ಮೊದಲ ಪ್ರಾಕ್ಟಿಕಲ್ಲು.

ಅತ್ತೆಗೆ ತಾನಾಗಿ ಎಚ್ಚರವಾಯಿತು. ಬರಿದಾದ ಕೊಂಬೆ ನೋಡಿದರು, ಪಾಚಿಯ ಮೇಲಿನ ಎಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಲೆಯನ್ನು ಎತ್ತಿ, ಹುಳ ಗೂಡು ಕಟ್ಟಲು ಹಣ್ಣಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ಹಾಗೆ ಬಿಸಿಲಿಗೆ ಹಿಡಿದರು. ಕಣ್ಣು ತುಂಬಿಕೊಂಡಿತ್ತು. ಸೆರಗಿನ ತುದಿಯಲ್ಲಿ ಎಲೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದರು: "ನಿಜ ಹೇಳಪ್ಪ. ಬಿತ್ತಾ, ಕಿತ್ತ್ಯಾ?"

ಪದ್ಮನ ಮೇಲೆ ಆಣೆ ಇಟ್ಟೆ. ತೊಟ್ಟು ತೋರಿಸಿ ಅರ್ಧ ಗಂಟೆ ಪಾಠ ಮಾಡಿದೆ. ಎಲ್ಲಕ್ಕೂ ಹೂಂ ಅಂದರು. ಈ ವರ್ಷ ಕುಳ್ಳಿಯ ಎಲೆ ಮತ್ತೆ ಹಣ್ಣಾಗುತ್ತಿವೆ. ಅತ್ತೆ ಗೌರಿಬಿದನೂರಿಗೆ ಹೋಗುವುದನ್ನು ದೀಪಾವಳಿಯ ಆಚೆಗೆ ಹಾಕಿದ್ದಾರೆ. ನನಗೂ ತಾರಸಿಗೆ ಬರಲು ಅನುಮತಿಯಿದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.