ಎಡಗಡೆಯ ಶಾಕಪ್ಪೂ ನನ್ನ ಸಂಶಯವೂ

ನಾನು ಹುಟ್ಟಿನಿಂದಲೇ ಸಂಶಯದ ಮನುಷ್ಯನಲ್ಲ. ನೌಕರಿ ಹಾಗೆ ಮಾಡಿತು. ಇಜೇರಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಪರೀಕ್ಷೆಯ ಕೋಣೆ ಕಾಯ್ದವನಿಗೆ, ಯಾರಾದರೂ ಮೊಣಕೈ ತುರಿಸಿಕೊಂಡರೂ ಅಂಗಿಯ ತೋಳಿನೊಳಗೆ ಚೀಟಿ ಇದೆಯೆಂದೇ ಅನ್ನಿಸುತ್ತದೆ. ಮದುವೆಯ ಊಟಕ್ಕೆ ಹೋದರೆ ಬಿಟ್ಟ ಚಪ್ಪಲಿ ಕಾಣುವ ಸಾಲಿನಲ್ಲೇ ಕೂರುತ್ತೇನೆ. ಒಮ್ಮೆ ಹೀಗೆ ಕಾಯುತ್ತ ಕೂತಾಗ ಹೋಳಿಗೆ ಬಡಿಸುವವರು ದಾಟಿ ಹೋದದ್ದೇ ತಿಳಿಯಲಿಲ್ಲ. ಚಪ್ಪಲಿ ಮಾತ್ರ ಉಳಿಯಿತು.

ಇಂಥವನ ಹಳೆಯ ಕಾರು ರಸ್ತೆಯ ಪ್ರತಿ ತಗ್ಗಿಗೂ ಹಿಂದಿನಿಂದ ‘ಧಡ್’ ಎನ್ನತೊಡಗಿತು. ನಾನು ಗಾಡಿ ಓಡಿಸುವುದನ್ನು ನೋಡಲಾಗದೆಂದು ಸದಾ ಹಿಂದೆಯೇ ಕೂರುವ ಹೆಂಡತಿ, “ಇನ್ನ ಇದ್ರಾಗ ಕುಂಡ್ರಂಗಿಲ್ಲ ನೋಡ್ರಿ, ನನ್ನ ನಡಾ ಹೋತು” ಎಂದು ಇಳಿದುಬಿಟ್ಟಳು. ಜೇವರ್ಗಿಯ ಮೌಲಾಲಿ ಮಿಸ್ತ್ರಿ ಕಾರಿನ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಅದು ನಾಲ್ಕು ಸಲ ಕುಣಿಯಿತು. “ಹಿಂದಿನ ಶಾಕಪ್ ಎರಡೂ ಹೋಗ್ಯಾವ್ರಿ ಸರ.” ಎಂದರೆ, ಕುಲುಕು ತಡೆಯುವ ಶಾಕ್ ಅಬ್ಸಾರ್ಬರುಗಳು.

“ಸಪ್ಪಳ ಎಡಗಡೆ ಅಷ್ಟ ಬರ್ತದ. ಎರಡ್ಯಾಕ?” ಎಂದೆ, ಕಳ್ಳನನ್ನು ಹಿಡಿದವನಂತೆ.

“ಒಂದು ಹೋರಿ, ಒಂದು ಮುದಿ ಎತ್ತು ಹೂಡಿದ್ರ ಬಂಡಿ ನೆಟ್ಟಗ ಹೋಗ್ತದೇನ್ರಿ?”

ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಅಷ್ಟು ಬೇಗ ಬಂದದ್ದೇ ನನಗೆ ಅನುಮಾನ ತಂದಿತು. ಸ್ಟೂಲು ಎಳೆದುಕೊಂಡು ಕಾರಿನ ಎಡಗಡೆ ಕಾವಲು ಕೂತೆ. ಮಿಸ್ತ್ರಿ ಜಾಕ್ ಏರಿಸಿ, ಹಳೆಯವನ್ನು ಬಿಚ್ಚಿ, ಹೊಸವನ್ನು ಕೂರಿಸಿದರು. ಆದರೆ ಕೆಳಗಿನ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು ಎದ್ದರು. ಸಿಕ್ಕಿಬಿದ್ದರಲ್ಲ!

“ಮಿಸ್ತ್ರಿ, ಬೋಲ್ಟ್ ಬಿಗಿ ಆಗಿಲ್ಲ!”

“ಗಾಲಿ ನೆಲಕ್ಕ ಇಳಿಸಿ, ಗಾಡಿ ವಜನ ಬಿದ್ದ ಮ್ಯಾಲ ಬಿಗಿ ಮಾಡ್ತೇನ್ರಿ. ಈಗ ಮಾಡಿದ್ರ ಒಳಗಿನ ರಬ್ಬರ್ ಬುಶ್ ತಿರುಚಿ ಹರೀತದ.”

ನಾನು ಒಪ್ಪಲಿಲ್ಲ. ನನ್ನ ಕಡೆಯದನ್ನಾದರೂ ಕಣ್ಣೆದುರಿಗೇ ಬಿಗಿ ಮಾಡಬೇಕೆಂದು ಹಟ ಹಿಡಿದೆ. ಅವರು ಎಡಗಡೆಯ ಬೋಲ್ಟಿಗೆ ಪಾನಾ ಹಾಕಿ ಬಿಗಿಯಾಗಿ ತಿರುಗಿಸಿದರು. ಬಲಗಡೆಯದನ್ನು ತಮ್ಮ ಕ್ರಮದಂತೆ ಗಾಡಿ ಇಳಿಸಿಯೇ ಬಿಗಿ ಮಾಡಿದರು.

ತಿಂಗಳು ತುಂಬುವುದರೊಳಗೆ ಎಡಗಡೆ ‘ಕಿರ್ರ್’ ಎನ್ನತೊಡಗಿತು. ಬಲಗಡೆ ಗಪ್‌ಚಿಪ್. ಮತ್ತೆ ಹೋಗಿ, “ರೋಡ್ ಛಲೋ ಇಲ್ಲ ನೋಡ್ರಿ” ಎಂದೆ. ಮಿಸ್ತ್ರಿ ಕೆಳಗೆ ಬಗ್ಗಿ ನೋಡಿ, “ಹೌದ್ರಿ ಸರ, ಎಡಗಡೆ ರೋಡ್ ಭಾಳ ಕೆಟ್ಟದ” ಎಂದು ಹರಿದ ಬುಶ್ಶನ್ನು ನನ್ನ ಅಂಗೈಯಲ್ಲಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಈ ಸಲ ಅವರು ಕೆಲಸ ಮಾಡುವಷ್ಟು ಹೊತ್ತೂ ರಸ್ತೆಯ ಕಡೆ ಮುಖ ಮಾಡಿ, ಒಮ್ಮೆಯೂ ತಿರುಗದೆ ಕೂತೆ. ಕತ್ತು ನೋಯತೊಡಗಿತು. ಮುಗಿದ ಮೇಲೆ ಅವರೇ, “ಒಮ್ಮಿ ನೋಡ್ಕೋರಿ” ಎಂದರು. “ಏನ್ ನೋಡೋದ್ರಿ, ನಿಮ್ಮ ಮ್ಯಾಲ ನಂಬಿಗಿ ಅದ” ಎಂದು ದೊಡ್ಡ ಮನುಷ್ಯನಂತೆ ಹೊರಟೆ.

ಊರು ದಾಟಿದೆ. ಮೊದಲ ತಿರುವಿನ ಆಚೆ, ಯಾರೂ ಇಲ್ಲದ್ದನ್ನು ನೋಡಿ ಕಾರು ನಿಲ್ಲಿಸಿ, ಕರವಸ್ತ್ರ ಹಾಸಿ ಮೊಣಕಾಲೂರಿ ಕೆಳಗೆ ಇಣುಕಿದೆ. ಕತ್ತಲು ಕತ್ತಲು, ಬೋಲ್ಟ್ ಕಾಣಲೊಲ್ಲದು. ಅಷ್ಟರಲ್ಲಿ ಬೆನ್ನ ಹಿಂದೆ ಬೈಕ್ ನಿಂತಿತು. ಮೌಲಾಲಿ ಮಿಸ್ತ್ರಿ.

“ಗೊತ್ತಿತ್ರಿ ಸರ,” ಎಂದು ಕಿಸೆಯಿಂದ ಬ್ಯಾಟರಿ ತೆಗೆದು ಚಾಚಿದರು. “ಬೆಳಕಿಲ್ದ ಹ್ಯಾಂಗ ಕಾಣ್ತದ? ಹಿಡೀರಿ, ಛಲೋತ್ನಂಗ ನೋಡ್ರಿ.”

ಬೇಡವೆನ್ನಬೇಕಿತ್ತು. ನಾಚಿಕೆಯೂ ಆಗಿತ್ತು. ಆದರೂ ಬ್ಯಾಟರಿ ಇಸಿದುಕೊಂಡು, ಬಗ್ಗಿ, ಎರಡೂ ಕಡೆ ನೋಡಿಯೇ ಎದ್ದೆ.